ಸುಣ್ಣ ಹಾಕದ ಮೈಲುತುತ್ತ

ನಮ್ಮ ದೊಡ್ಡಪ್ಪನಿಗೆ ಗೊತ್ತಿಲ್ಲದ ವಿಷಯ ಈ ಪ್ರಪಂಚದಲ್ಲಿ ಇರಲಿಲ್ಲ. ಅಪ್ಪಿತಪ್ಪಿ ಇದ್ದರೆ ಅದು ವಿಷಯವೇ ಅಲ್ಲ ಎಂದು ತೀರ್ಮಾನಿಸಿಬಿಡುತ್ತಿದ್ದರು. ಗಾಳಿಬೀಡಿನಲ್ಲಿ ಅವರದೊಂದು ಕಾಫಿ ತೋಟ. ತೋಟಕ್ಕಿಂತ ದೊಡ್ಡದು ಅವರ ಗಂಟಲು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹತ್ತು ವರ್ಷ ಕಳೆದಿದ್ದರೂ ಅತ್ತ ಕಡೆಯಿಂದ ಬಂದ ಅಧಿಕಾರಿಗಳನ್ನು ಅವರು ಊಟಕ್ಕೆ ಬಂದು ಎದ್ದುಹೋಗಲು ಮರೆತ ನೆಂಟರ ಹಾಗೆ ನೋಡುತ್ತಿದ್ದರು. ನನ್ನ ಅಪ್ಪ ಅವರ ತಮ್ಮ, ನಾವೆಲ್ಲ ಇದ್ದದ್ದು ಒಂದೇ ಮನೆಯಲ್ಲಿ. ಅಪ್ಪನಿಗೆ ಸ್ವಂತ ಅಭಿಪ್ರಾಯ ಎಂಬುದೊಂದಿತ್ತೋ ಇಲ್ಲವೋ ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಏನು ಕೇಳಿದರೂ "ಅಣ್ಣನ ಹತ್ರ ಕೇಳ್" ಎಂದು ಹೇಳಿ ಎದ್ದು ಹೋಗುತ್ತಿದ್ದರು.

ನಾನು ಮೈಸೂರಿನಲ್ಲಿ ಭೌತಶಾಸ್ತ್ರದ ಎಂಎಸ್ಸಿ ಮುಗಿಸಿ ಬಂದು ಮಡಿಕೇರಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಮೈಸೂರಿಗೆ ಕಳಿಸಿದ್ದು ಅಲ್ಲಿ ಅತ್ತೆಯ ಮನೆ ಇತ್ತೆಂಬ ಒಂದೇ ಕಾರಣಕ್ಕೆ. ಅತ್ತೆ ಎಲ್ಲಿದ್ದಾರೋ ವಿಜ್ಞಾನವೂ ಅಲ್ಲೇ ಎಂಬುದು ನಮ್ಮ ಮನೆಯ ನಿಯಮ. ಬೆಂಗಳೂರಿನಲ್ಲಿ ನಮಗೆ ಅತ್ತೆ ಇರಲಿಲ್ಲ, ಇದ್ದದ್ದು ಒಬ್ಬ ಪ್ರೊಫೆಸರ್. ಅವರ ಪ್ರಯೋಗಾಲಯಕ್ಕೆ ಸಂಶೋಧನೆಗೆ ಸೇರಿಸಿಕೊಳ್ಳಿ ಎಂದು ನಾನು ಬರೆದಿದ್ದೆ, ದಸರಾ ಕಳೆದ ಮೇಲೆ ಬನ್ನಿ ಎಂದು ಅವರು ಒಪ್ಪಿಯೂ ಇದ್ದರು. ಆದರೆ ಪ್ರೊಫೆಸರ್ ಒಪ್ಪಿದರೆ ಆಯಿತೇ? ದೊಡ್ಡಪ್ಪ ಒಪ್ಪಬೇಡವೇ? ನನಗೆ ಆ ಜಾಗ ಬೇಕಿತ್ತು. ಸೀರೆ ಒಡವೆ ಯಾವುದಕ್ಕೂ ಆಸೆಪಡದ ನಾನು ಆ ಒಂದಕ್ಕೆ ಹಗಲೂ ರಾತ್ರಿ ಆಸೆಪಟ್ಟೆ. ಅದು ತಪ್ಪಿದರೆ ಮಡಿಕೇರಿಯ ಮಂಜಿನಲ್ಲಿ ಲೋಲಕದ ಪಾಠ ಹೇಳುತ್ತಲೇ ಮುದುಕಿಯಾಗುತ್ತೇನೆ ಎಂಬುದು ಖಚಿತವಾಗಿ ಗೊತ್ತಿತ್ತು.

ಪ್ರೊಫೆಸರ್ ಮಾಡುತ್ತಿದ್ದ ಕೆಲಸ ಹೀಗೆ. ಆಗ ಲೇಸರ್ ಹೊಸದು. ಮಾಣಿಕ್ಯದ ಒಂದು ಕಡ್ಡಿಗೆ ಫ್ಲಾಶ್ ದೀಪದಿಂದ ಬೆಳಕು ಹೊಡೆದರೆ ಕಡ್ಡಿಯ ತುದಿಯಿಂದ ಕಡುಗೆಂಪು ಬೆಳಕು ಒಂದೇ ಗೆರೆಯಾಗಿ ಚಿಮ್ಮುತ್ತದೆ. ಅದನ್ನು ಅವರು ಕ್ಯಾಡ್ಮಿಯಂ ಸಲ್ಫೈಡ್ ಎಂಬ ಹಳದಿ ಹರಳಿನ ಮೇಲೆ ಬಿಡುತ್ತಿದ್ದರು. ಈ ಹರಳು ಅರೆವಾಹಕ. ಅಂದರೆ ವಿದ್ಯುತ್ತನ್ನು ಪೂರ್ತಿ ಬಿಡುವುದೂ ಇಲ್ಲ, ಪೂರ್ತಿ ತಡೆಯುವುದೂ ಇಲ್ಲ. ನನ್ನ ಅಪ್ಪನ ಸ್ವಭಾವ. ತಮಾಷೆ ಏನೆಂದರೆ, ಒಳಗೆ ಹೋಗುವುದು ಕೆಂಪು, ಹರಳಿನಿಂದ ಹೊರಗೆ ಬರುವುದು ಹಸಿರು. ಕೆಂಪು ಬೆಳಕಿನ ಒಂದು ಕಣಕ್ಕೆ ಆ ಹರಳನ್ನು ಹೊಳೆಯಿಸುವಷ್ಟು ಶಕ್ತಿಯಿಲ್ಲ. ಎರಡು ಕಣಗಳು ಒಂದೇ ಗಳಿಗೆಯಲ್ಲಿ ಒಂದೇ ಕಡೆ ಬಂದು ಎತ್ತಿದರೆ ಮಾತ್ರ ಆದೀತು. ಆದ್ದರಿಂದ ಕೆಂಪನ್ನು ಎರಡು ಪಟ್ಟು ಮಾಡಿದರೆ ಹಸಿರು ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಅರ್ಧ ಮಾಡಿದರೆ ಹಸಿರು ಕಾಲು ಭಾಗಕ್ಕೆ ಇಳಿಯುತ್ತದೆ.

ಇದನ್ನು ದೊಡ್ಡಪ್ಪನಿಗೆ ಅರ್ಥ ಮಾಡಿಸಲು ಅವರು ಕಾಫಿ ಒಣಗಿಸುವ ಕಣದಲ್ಲೇ ನಿಂತು ಪ್ರಯತ್ನಿಸಿದೆ. ಒಬ್ಬನೇ ಆಳಿಗೆ ಕಾಫಿ ಮೂಟೆ ಏಳುವುದಿಲ್ಲ, ಇಬ್ಬರು ಒಟ್ಟಿಗೆ ಕೈ ಹಾಕಬೇಕು, ಒಬ್ಬ ಈಗ ಇನ್ನೊಬ್ಬ ಆಮೇಲೆ ಎಂದರೆ ಆಗುವುದಿಲ್ಲ. ಕಣದಲ್ಲಿ ಆಳುಗಳು ಎರಡು ಪಟ್ಟಾದರೆ ಜೋಡಿ ಸೇರುವ ಸಂದರ್ಭ ನಾಲ್ಕು ಪಟ್ಟಾಗುತ್ತದೆ ಎಂದೆ.

ದೊಡ್ಡಪ್ಪ ನಕ್ಕರು. "ಆಳ್ ಎರಡ್ ಪಟ್ಟ್ ಮಾಡಿರೆ ಕೆಲ್ಸ ನಾಕ್ ಪಟ್ಟಾ? ಇದ್ನ ಯಾರ್ ಹೇಳ್ದ್? ನನ್ನ ತೋಟಲಿ ಆಳ್ ಹೆಚ್ಚಾದಷ್ಟ್ ಕೆಲ್ಸ ಅರ್ಧ ಆದು!"

"ಅದು ಬೆಳಕು ದೊಡ್ಡಪ್ಪ, ನಿಮ್ಮ ಲೈನ್ ಮನೆಯ ಆಳಲ್ಲ."

"ಒಳಗೆ ಹೋದು ಕೆಂಪು, ಹೊರಗೆ ಬಾದು ಹಸುರು. ಅದ್ನ ನೋಡಿಕೆ ಬೆಂಗ್ಳೂರಿಗೆ ಹೋಕಾ? ಇಲ್ಲಿ ಕಾಫಿ ಹಣ್ಣ್ ನೋಡ್. ಹಸುರು ಇದ್ದದ್ ಕೆಂಪಾದೆ. ಅದ್ ಸರಿಯಾದ ದಾರಿ."

ಅಮ್ಮ ಅಡುಗೆಮನೆಯ ಕಿಟಕಿಯಿಂದ ನಮ್ಮಿಬ್ಬರನ್ನೂ ನೋಡಿ, ಒಲೆಗೆ ಇನ್ನೊಂದು ಕೊಳ್ಳಿ ನೂಕಿದಳು. ಅಪ್ಪ ಯಥಾಪ್ರಕಾರ ದನ ನೋಡಲು ಹೋಗಿದ್ದರು.

ಅಷ್ಟರಲ್ಲಿ ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ ಒಂದು ಹುಕಿ ಹತ್ತಿತು. ಮೈಸೂರು ಕಡೆಯವರು, ಸಮಾರಂಭವಿಲ್ಲದ ವಾರ ಅವರಿಗೆ ಉಸಿರು ಕಟ್ಟುತ್ತಿತ್ತು. ಪ್ರೊಫೆಸರರನ್ನೇ ಮಡಿಕೇರಿಗೆ ಕರೆಸಿ, ಊರಿನ ಗಣ್ಯರ ಎದುರು ಲೇಸರ್ ತೋರಿಸುವ ಕಾರ್ಯಕ್ರಮ ಗೊತ್ತು ಮಾಡಿದರು. ಪ್ರೊಫೆಸರ್ ಯಂತ್ರದ ಪೆಟ್ಟಿಗೆಗಳನ್ನು ಕಾರಿನಲ್ಲಿ ತಾವೇ ತರುವುದಾಗಿ ಒಪ್ಪಿದರು. ನಾನು ಇದನ್ನು ಮನೆಯಲ್ಲಿ ಹೇಳಿದ ದಿನ ದೊಡ್ಡಪ್ಪ ತಾವೂ ಬರುವುದಾಗಿ ತೀರ್ಪು ಕೊಟ್ಟರು. "ನಾ ಬನ್ನೆ. ಕಣ್ಣಾರೆ ನೋಡ್ನೆ. ಹಸುರು ಕಂಡರೆ ನೀ ಹೋಗ್. ಕಾಣದಿದ್ದರೆ ಇಲ್ಲೇ ಮಕ್ಕಳಿಗೆ ಪಾಠ ಹೇಳ್ಕಂಡ್ ಇರ್." ಹೀಗೆ ನನ್ನ ಬದುಕು ಒಂದು ಹಳದಿ ಹರಳಿನ ಮೇಲೆ ಬಂದು ನಿಂತಿತು.

ಪ್ರೊಫೆಸರ್ ಮೊದಲೇ ಒಂದು ಮಾತು ತಿಳಿಸಿದ್ದರು. ಕೆಂಪು ಬೆಳಕಿನ ಅಬ್ಬರದಲ್ಲಿ ಹರಳಿನ ಹಸಿರು ಕಣ್ಣಿಗೆ ಕಾಣುವುದಿಲ್ಲ, ಜೊತೆಗೆ ಆ ಕೆಂಪು ಕಣ್ಣಿಗೆ ಅಪಾಯ. ಆದ್ದರಿಂದ ಹರಳಿಗೂ ನೋಡುವವರಿಗೂ ನಡುವೆ ಒಂದು ಗಾಜಿನ ತೊಟ್ಟಿಯಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರು ಇಡಬೇಕು. ತಿಳಿಯಾದ ನೀಲಿ ನೀರು. ಅದು ಕೆಂಪನ್ನು ನುಂಗಿ ಹಸಿರನ್ನು ಮಾತ್ರ ದಾಟಿಸುತ್ತದೆ. ನಮ್ಮ ರಸಾಯನಶಾಸ್ತ್ರದ ಮುಖ್ಯಸ್ಥರು ಇದ್ದಬದ್ದ ಮೈಲುತುತ್ತವನ್ನು ಪರೀಕ್ಷೆಗೆಂದು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ರಜೆಯ ಮೇಲೆ ಹೋಗಿದ್ದರು. ಆಗ ದೊಡ್ಡಪ್ಪ ಪ್ರಿನ್ಸಿಪಾಲರಿಗೆ ಎದೆ ತಟ್ಟಿ ಹೇಳಿದರು, ಮೈಲುತುತ್ತ ತಾನೆ, ನಮ್ಮ ಸ್ಟೋರಿನಲ್ಲಿ ಚೀಲಗಟ್ಟಲೆ ಇದೆ, ನಾನೇ ಕಲಸಿ ತರುತ್ತೇನೆ ಎಂದು. ಪುಕ್ಕಟೆ ಎಂದ ಕೂಡಲೇ ಪ್ರಿನ್ಸಿಪಾಲರ ಮುಖ ಅರಳಿತು. ನಾನು ಬರೀ ನೀರು, ಬರೀ ಮೈಲುತುತ್ತ ಎಂದು ದೊಡ್ಡಪ್ಪನಿಗೆ ಸಾರಿ ಸಾರಿ ಹೇಳಿದೆ. "ಮೈಲುತುತ್ತ ಕಲಸಿಕೆ ನೀ ನಂಗೆ ಕಲಿಸಿಯಾ?" ಎಂದು ಅವರು ಮೀಸೆ ತಿರುವಿದರು.

ಕಾಫಿ ಸೀಮೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ತೋಟದವರು ಮೈಲುತುತ್ತವನ್ನು ಒಂಟಿಯಾಗಿ ಯೋಚಿಸುವುದೇ ಇಲ್ಲ. ಎಲೆ ತುಕ್ಕು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ನೀರಿನ ಜೊತೆ ಸುಣ್ಣದ ನೀರು ಸೇರಲೇಬೇಕು. ಸುಣ್ಣ ಕಡಿಮೆಯಾದರೆ ಎಲೆಗಳೆಲ್ಲ ಸುಟ್ಟುಹೋಗುತ್ತವೆ. ಅದನ್ನು ಪರೀಕ್ಷಿಸಲು ದ್ರಾವಣದಲ್ಲಿ ಒಂದು ಹೊಳೆಯುವ ಚೂರಿಯನ್ನು ಅದ್ದಿ ಹಿಡಿಯುತ್ತಾರೆ. ಚೂರಿ ಬೆಳ್ಳಗೇ ಉಳಿದರೆ ಸರಿ. ಅಲಗಿನ ಮೇಲೆ ತಾಮ್ರ ಕೂತು ಕೆಂಪಾದರೆ ಸುಣ್ಣ ಸಾಲದು ಎಂದು ಅರ್ಥ. ದೊಡ್ಡಪ್ಪನ ಜೇಬಿನಲ್ಲಿ ಇದಕ್ಕೆಂದೇ ಒಂದು ಮಡಚುವ ಚೂರಿ ಇರುತ್ತಿತ್ತು. ಅದು ತಮ್ಮ ಜನ್ಮದಲ್ಲಿ ಒಮ್ಮೆಯೂ ಕೆಂಪಾಗಿಲ್ಲ ಎಂಬುದು ಅವರು ಮದುವೆ ಮನೆಗಳಲ್ಲೂ ಸಾವಿನ ಮನೆಗಳಲ್ಲೂ ಹೇಳಿಕೊಳ್ಳುತ್ತಿದ್ದ ಸಾಧನೆ. ತೋಟದ ಲೆಕ್ಕ ಬರೆಯುವ ರೈಟರ್ ಕಲಸಿದ್ದರಲ್ಲಿ ಅವನದೇ ಚೂರಿ ತುಸು ಕೆಂಪಾದದ್ದಕ್ಕೆ ಅವನನ್ನು ಆಳುಗಳ ಎದುರು ಬೈದ ಬೈಗುಳ ಮಡಿಕೇರಿಯವರೆಗೆ ಕೇಳಿತ್ತು.

ಕಾರ್ಯಕ್ರಮದ ದಿನ ಕಾಲೇಜಿನ ಹಾಲಿನ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದೆವು. ಮುಂದಿನ ಸಾಲಿನಲ್ಲಿ ಗಣ್ಯರು. ಎಲ್ಲರ ಕೋಟಿನಿಂದಲೂ ನುಸಿಗುಳಿಗೆಯ ವಾಸನೆ. ಮುಖ್ಯ ಅತಿಥಿ ಒಬ್ಬ ದೊಡ್ಡ ಎಸ್ಟೇಟಿನ ಮಾಲೀಕರು. ಅವರಿಗೆ ಯಂತ್ರದ ಬಗ್ಗೆ ಒಂದೇ ಪ್ರಶ್ನೆ ಇತ್ತು. "ಇದರಲ್ಲಿ ಹೊಡೆದರೆ ಕಾಡುಹಂದಿ ಬೀಳ್ತದಾ, ಪ್ರೊಫೆಸರ್?" ಬೀಳುವುದಿಲ್ಲ ಎಂದು ತಿಳಿದ ಮೇಲೆ ಅವರು ಅರ್ಧ ಕಣ್ಣು ಮುಚ್ಚಿ ಕೂತರು. ಪ್ರಿನ್ಸಿಪಾಲರು ಸ್ವಾಗತ ಭಾಷಣದಲ್ಲಿ ವಿಜ್ಞಾನವನ್ನು ಬಿಟ್ಟು ಬೇರೆಲ್ಲದರ ಬಗ್ಗೆ ಮಾತಾಡಿದರು.

ಸ್ವಾಗತ ಮುಗಿಯುವ ಹೊತ್ತಿಗೆ ದೊಡ್ಡಪ್ಪ ಮುಚ್ಚಳದ ಹಾಲಿನ ಕ್ಯಾನು ಹಿಡಿದುಕೊಂಡು ಮದುಮಗನ ಹಾಗೆ ನಡುದಾರಿಯಲ್ಲಿ ನಡೆದು ಬಂದರು. ನೇರ ವೇದಿಕೆಗೆ ಹತ್ತಿ ಕ್ಯಾನನ್ನು ತೊಟ್ಟಿಗೆ ಬಗ್ಗಿಸಿದರು. ಸುರಿದದ್ದು ತಿಳಿನೀಲಿ ನೀರಲ್ಲ. ಆಕಾಶಬಣ್ಣದ, ಮೊಸರಿನಂಥ ದಪ್ಪ ಬೋರ್ಡೋ. ಅದರ ಹಿಂದೆ ಆನೆ ನಿಲ್ಲಿಸಿದರೂ ಕಾಣುತ್ತಿರಲಿಲ್ಲ. ಅಷ್ಟೇ ಅಲ್ಲ, ಜೇಬಿನಿಂದ ಚೂರಿ ತೆಗೆದು ಅದ್ದಿ, ಎತ್ತಿ, ಸಭೆಗೆ ತೋರಿಸಿದರು. ಚೂರಿ ಬೆಳ್ಳಗೆ ಹೊಳೆಯಿತು. ಮುಂದಿನ ಸಾಲಿನ ಬೆಳೆಗಾರರು ತಲೆದೂಗಿ ಚಪ್ಪಾಳೆ ತಟ್ಟಿದರು. ಆ ದಿನದ ಸಭೆಗೆ ನಿಜವಾಗಿ ಅರ್ಥವಾದ ವಿಜ್ಞಾನ ಅದೊಂದೇ.

ನಾನು ಓಡಿಹೋಗಿ ಪ್ರಿನ್ಸಿಪಾಲರಿಗೆ, "ಸಾರ್, ಇದಕ್ಕೆ ಸುಣ್ಣ ಬೆರೆತಿದೆ, ಏನೂ ಕಾಣುವುದಿಲ್ಲ, ಒಂದು ಗಳಿಗೆ ನಿಲ್ಲಿಸಿ" ಎಂದೆ.

"ಸುಮ್ನಿರಮ್ಮ, ಕಾರ್ಯಕ್ರಮ ಶುರುವಾಗ್ಬಿಟ್ಟಿದೆ. ಯಜಮಾನ್ರು ಅಷ್ಟು ಪ್ರೀತಿಯಿಂದ ತಂದಿದಾರೆ" ಎಂದು ಹಲ್ಲು ಕಿರಿಯುತ್ತಲೇ ನನ್ನನ್ನು ಪಕ್ಕಕ್ಕೆ ಸರಿಸಿದರು. ಪ್ರೊಫೆಸರ್ ಯಂತ್ರದ ಹಿಂದೆ ಬಗ್ಗಿ, ವಿದ್ಯುತ್ ಕೂಡಿಡುವ ಕೆಪಾಸಿಟರ್ ಪೆಟ್ಟಿಗೆಯ ಮುಳ್ಳನ್ನು ನೋಡುತ್ತಿದ್ದರು. ಮಡಿಕೇರಿಯ ಕರೆಂಟಿಗೆ ಅದು ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು. ಅವರಿಗೆ ತೊಟ್ಟಿ ಕಾಣುತ್ತಲೇ ಇರಲಿಲ್ಲ.

ದೀಪ ಆರಿಸಿದರು. ಪ್ರೊಫೆಸರ್ ಸ್ವಿಚ್ಚು ಒತ್ತಿದರು. ಟಪ್ ಎಂದು ಸದ್ದಾಯಿತು. ಯಂತ್ರದ ಸಂದಿಯಿಂದ ಫ್ಲಾಶ್ ದೀಪದ ಬೆಳಕು ಸೋರಿ ತೊಟ್ಟಿಗೆ ಬಡಿಯಿತು, ಇಡೀ ಬೋರ್ಡೋ ಒಂದು ಕ್ಷಣ ನೀಲಿಯಾಗಿ ಬೆಳಗಿ ಆರಿತು. ಅಷ್ಟೇ. ಹರಳಿನ ಸುಳಿವೇ ಇಲ್ಲ.

ಆಮೇಲೆ ಮುಖ್ಯ ಅತಿಥಿಗಳು ಎಚ್ಚೆತ್ತವರಂತೆ, "ವಂಡರ್‌ಫುಲ್! ಗ್ರೀನ್!" ಎಂದರು.

ಅಲ್ಲಿಂದ ಶುರುವಾಯಿತು. ಅವರ ಎಡಗಡೆಯವರಿಗೆ ಕಂಡಿತು, ಬಲಗಡೆಯವರಿಗೆ ಕಂಡಿತು. ಎರಡನೇ ಸಾಲಿಗೆ ಇನ್ನೂ ಚೆನ್ನಾಗಿ ಕಂಡಿತು. ಬಾಗಿಲ ಬಳಿ ಬೆನ್ನು ಹಾಕಿ ನಿಂತಿದ್ದವರು ಕೂಡ ಎಂಥ ಹಸಿರು ಎಂದು ಬಾಯಿ ಚಪ್ಪರಿಸಿದರು. ಒಬ್ಬರು ಹೇಳಿದ್ದನ್ನು ಇಬ್ಬರು ಹೇಳಿದರೆ ನಂಬುವವರು ಎರಡಲ್ಲ, ನಾಲ್ಕು ಪಟ್ಟಾಗುತ್ತಾರೆ ಎಂಬುದನ್ನು ನಾನು ಆ ದಿನ ಪ್ರತ್ಯಕ್ಷ ನೋಡಿದೆ. ಪ್ರೊಫೆಸರರ ನಿಯಮ ಹರಳಿನಲ್ಲಿ ಕಾಣದಿದ್ದರೂ ಸಭೆಯಲ್ಲಿ ಚೊಕ್ಕವಾಗಿ ಕಂಡಿತು. ದೊಡ್ಡಪ್ಪ ಎದ್ದು ನಿಂತು, "ಕಂಡತ್! ನನ್ನ ಬೋರ್ಡೋದ ಒಳಗೆ ಹಸುರು ಕಂಡತ್!" ಎಂದು ಘೋಷಿಸಿದರು.

ನನಗೆ ಬೇಕಾಗಿದ್ದದ್ದು ಅದೇ ಮಾತು. ಬಾಯಿ ಮುಚ್ಚಿಕೊಂಡಿದ್ದರೆ ದಸರಾ ಕಳೆದು ಬಸ್ಸು ಹತ್ತಬಹುದಿತ್ತು. ಆದರೆ ಇರುವುದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಹೇಳುವ ಕೆಲಸಕ್ಕೆ ಹೊರಟವಳು, ಇಲ್ಲದ ಹಸಿರನ್ನು ಟಿಕೆಟ್ಟು ಮಾಡಿಕೊಂಡು ಹೋಗುವುದೇ?

"ಯಾರಿಗೂ ಏನೂ ಕಂಡಿಲ್ಲ" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. "ಕಂಡದ್ದು ಫ್ಲಾಶ್ ಬೆಳಕಿನಲ್ಲಿ ಹೊಳೆದ ಬೋರ್ಡೋ. ಅದಕ್ಕೆ ಸುಣ್ಣ ಹಾಕಿದ್ದಾರೆ. ಅದರಾಚೆಗೆ ಸೂರ್ಯ ಹುಟ್ಟಿದರೂ ಈಚೆಗೆ ಕಾಣುವುದಿಲ್ಲ."

ಸಭೆಗೆ ಸಿಟ್ಟು ಬಂತು. ಹಸಿರು ಕಂಡವರಿಗೆ ಕಂಡಿಲ್ಲ ಎಂದರೆ ಸಿಟ್ಟು ಬರದೇ ಇರುತ್ತದೆಯೇ? ಮುಖ್ಯ ಅತಿಥಿಗಳು, ಪಾಪ, ಹುಡುಗಿಯ ಕಣ್ಣು ಪರೀಕ್ಷೆ ಮಾಡಿಸಬೇಕು ಎಂದು ಕನಿಕರಪಟ್ಟರು. ಪ್ರಿನ್ಸಿಪಾಲರು ಲಗುಬಗೆಯಿಂದ ವಂದನಾರ್ಪಣೆ ಮುಗಿಸಿ ಎಲ್ಲರನ್ನೂ ಕಾಫಿಗೆ ಹೊರಡಿಸಿದರು. ದೊಡ್ಡಪ್ಪ ಮಾತ್ರ ನನ್ನ ಹತ್ತಿರ ಬಂದು ನಿಂತರು. ಗಂಟಲು ಮೊದಲ ಬಾರಿಗೆ ಸಣ್ಣದಾಗಿತ್ತು.

"ಇಷ್ಟ್ ಜನರ ಎದುರು ನನ್ನ ಬೋರ್ಡೋ ಸರಿ ಇಲ್ಲೆ ಹೇಳಿಯಾ?"

"ಬೋರ್ಡೋ ಸರಿ ಇದೆ ದೊಡ್ಡಪ್ಪ. ನಾನು ಕೇಳಿದ್ದು ಬೋರ್ಡೋ ಅಲ್ಲ."

"ನೀ ಎಲ್ಲಿಗೂ ಹೋದು ಬೇಡ."

ಅಳು ಬಂತು. ದುಃಖಕ್ಕಲ್ಲ, ಕೋಪಕ್ಕೆ. ಕಾಣದ್ದನ್ನು ಕಂಡೆ ಎಂದವರಿಗೆ ಕಾಫಿ ತಿಂಡಿ, ಕಾಣಲಿಲ್ಲ ಎಂದವಳಿಗೆ ಮನೆ. ತಂತಿ ಸುತ್ತುವ ನೆವದಲ್ಲಿ ಗೋಡೆಗೆ ಮುಖ ಮಾಡಿ ನಿಂತೆ.

ಪ್ರೊಫೆಸರ್ ಈಗ ತೊಟ್ಟಿಯ ಮುಂದೆ ಬಂದು, ಕನ್ನಡಕ ಏರಿಸಿ, ಆ ಮೊಸರನ್ನು ಸಾವಕಾಶವಾಗಿ ನೋಡಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಯಜಮಾನ್ರೇ, ಸುಣ್ಣ ಬೆರೆಸದ ಮೈಲುತುತ್ತ ಸಿಗುತ್ತಾ?" ಎಂದು ಕೇಳಿದರು.

"ಸುಣ್ಣ ಹಾಕದೆ ಬಿಟ್ರೆ ಎಲೆ ಸುಟ್ಟು ಹೋಗ್ತದೆ ಪ್ರೊಫೆಸರೇ" ಎಂದರು ದೊಡ್ಡಪ್ಪ. ಹೊರಗಿನವರ ಜೊತೆ ಅವರು ಮನೆಯ ಅರೆಭಾಷೆ ಬಿಟ್ಟು ಪೇಟೆಯ ಕನ್ನಡ ಆಡುತ್ತಿದ್ದರು.

ಪ್ರೊಫೆಸರ್ ಸಭಾಂಗಣದ ಸುತ್ತ ಒಮ್ಮೆ ಕಣ್ಣಾಡಿಸಿದರು. "ಇಲ್ಲಿ ಎಲೆ ಎಲ್ಲಿದೆ?"

ದೊಡ್ಡಪ್ಪನ ಆಯುಷ್ಯದಲ್ಲಿ ಎಲೆಯಿಲ್ಲದ ಕಡೆ ಮೈಲುತುತ್ತಕ್ಕೆ ಕೆಲಸವಿದ್ದದ್ದು ಇದೇ ಮೊದಲು. ಬಂದ ಅತಿಥಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಅಂದು ಪೇಟೆಯಲ್ಲಿ ತೋಟಕ್ಕೆಂದು ಕೊಂಡ ಮೈಲುತುತ್ತದ ಚೀಲ ಜೀಪಿನಲ್ಲೇ ಇತ್ತು. ಗೊಣಗುತ್ತಲೇ ಹೋಗಿ ಟೋಪಿಯ ತುಂಬ ನೀಲಿ ಹರಳು ತುಂಬಿಕೊಂಡು ಬಂದು, ನನ್ನ ಮುಖ ನೋಡದೆ ಮೇಜಿನ ಮೇಲಿಟ್ಟರು. ನಾನು ತೊಟ್ಟಿ ತೊಳೆದು, ಬಿಸಿನೀರಿನಲ್ಲಿ ಮೈಲುತುತ್ತ ಕರಗಿಸಿ, ಬಟ್ಟೆಯಲ್ಲಿ ಸೋಸಿ ತುಂಬಿಸಿದೆ. ಆಚೆಗಿನ ಹಳದಿ ಹರಳಿನ ಹಿಡಿಕೆ ನೀಲಿಯೊಳಗೆ ಸ್ಪಷ್ಟವಾಗಿ ಕಂಡಿತು. ಹೊರಗೆ ಗಣ್ಯರು ಕಾಫಿ ಕುಡಿಯುತ್ತ ತಾವು ಕಂಡ ಹಸಿರನ್ನು ಒಬ್ಬರಿಗೊಬ್ಬರು ಬಣ್ಣಿಸುತ್ತಿದ್ದರು.

ದೊಡ್ಡಪ್ಪ ಬಾಗಿಲ ಬಳಿ, ತಮಗೇನೂ ಇದರಲ್ಲಿ ಆಸಕ್ತಿಯಿಲ್ಲ ಎಂಬಂತೆ ಟೋಪಿ ಒರೆಸುತ್ತ ನಿಂತಿದ್ದರು. ಪ್ರೊಫೆಸರ್ ಸೋರುತ್ತಿದ್ದ ಸಂದಿಗೆ ಕರಿಬಟ್ಟೆ ಮುಚ್ಚಿದರು. ದೀಪ ಆರಿತು. ಟಪ್.

ನೀಲಿಯ ಆಚೆ, ಹರಳಿನ ಒಳಗೆ, ಸೂಜಿಮೊನೆಯಷ್ಟು ಜಾಗದಲ್ಲಿ ಹಸಿರು ಹುಟ್ಟಿ ಮಾಯವಾಯಿತು. ಸಸಿಮಡಿಯ ಎಳೆ ಭತ್ತದ ಹಸಿರು. ಪುಸ್ತಕದಲ್ಲಿ ಎಷ್ಟು ಸಲ ಓದಿದ್ದರೂ ಕಣ್ಣಾರೆ ಕಂಡದ್ದು ನನಗೂ ಅದೇ ಮೊದಲು. ಬಾಗಿಲ ಕಡೆಯಿಂದ ಟೋಪಿ ಕೆಳಗೆ ಬಿದ್ದ ಸದ್ದು ಕೇಳಿಸಿತು.

ಕತ್ತಲಿನಿಂದ ದನಿ ಬಂತು. "ಇನ್ನೊಂದ್ ಸಲ."

ಪೆಟ್ಟಿಗೆ ತುಂಬುವವರೆಗೆ ಕಾದು ಇನ್ನೊಂದು ಸಲ ಮಾಡಿದೆವು. ಆಮೇಲೆ ಮತ್ತೊಂದು ಸಲ. ದೊಡ್ಡಪ್ಪ ಪ್ರತಿ ಸಲವೂ ಒಂದೊಂದು ಕುರ್ಚಿ ಮುಂದಕ್ಕೆ ಬಂದು ಕೊನೆಗೆ ತೊಟ್ಟಿಗೆ ಮೂಗು ತಾಗಿಸಿ ಕೂತರು. ಆಗ ಪ್ರೊಫೆಸರ್ ಕೆಂಪು ಬೆಳಕಿನ ದಾರಿಗೆ ಒಂದು ಮಸುಕು ಗಾಜು ಅಡ್ಡ ಇಟ್ಟು, "ಈಗ ಕೆಂಪು ಅರ್ಧ ಮಾತ್ರ ಹೋಗುತ್ತೆ, ನೋಡಿ" ಎಂದರು. ಟಪ್. ಹಸಿರು ಇದೆಯೋ ಇಲ್ಲವೋ ಎಂಬಷ್ಟಕ್ಕೆ ಇಳಿದಿತ್ತು.

ದೊಡ್ಡಪ್ಪ ತೊಟ್ಟಿಯಿಂದ ಮೂಗು ಎತ್ತಿದರು. "ಅರ್ಧ ಆಳ್ ಬಂದ ದಿನ ಕಾಲ್ ಕೆಲ್ಸ" ಎಂದರು. "ಅದ್ ಸತ್ಯ. ಅದ್ನ ನಾ ನೋಡಿಯೊಳೆ."

ಇಷ್ಟು ಹೇಳಿ ಎದ್ದರು. ಬಾಗಿಲಲ್ಲಿ ತಿರುಗಿ, ಪ್ರೊಫೆಸರ್ ಕಡೆ ನೋಡಿ ಮತ್ತೊಂದು ಮಾತು ಸೇರಿಸಿದರು. "ಆಗ್ಲೂ ನಂಗೆ ಇದೇ ಕಂಡದ್ದು."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಪ್ರೊಫೆಸರ್ ಕೈಯೆತ್ತಿ ತಡೆದು, "ಇರಲಿ ಬಿಡಮ್ಮ, ಸಭೆಯಲ್ಲಿ ಹೇಳಿದ್ದು ಸಾಕು" ಎಂದು ನಕ್ಕರು.

ಮುಂದಿನ ದಿನಗಳಲ್ಲಿ ದೊಡ್ಡಪ್ಪ ಮಡಿಕೇರಿಯ ಅಂಗಡಿಗಳಲ್ಲಿ, ಸಿಕ್ಕ ಸಿಕ್ಕವರ ಎದುರು, ಬೆಂಗಳೂರಿನ ಪ್ರೊಫೆಸರರಿಗೂ ಬೆಳಕು ಕಾಣಲು ಗಾಳಿಬೀಡಿನ ಬೋರ್ಡೋನೇ ಬೇಕಾಯಿತು ಎಂದು ಹೇಳಿಕೊಂಡು ತಿರುಗಿದರು. ಬೆಂಗಳೂರಿಗೆ ಹೋಗು ಎಂದು ಮಾತ್ರ ಅವರ ಬಾಯಿಂದ ಬರಲಿಲ್ಲ. ಅಪ್ಪನನ್ನು ಕೇಳಿದೆ. ಅಣ್ಣನ ಹತ್ರ ಕೇಳ್ ಎಂದರು. ಅಣ್ಣನ ಹತ್ತಿರ ಕೇಳುವಷ್ಟು ನಾನು ಬಗ್ಗಲಿಲ್ಲ. ಅಮ್ಮ ಯಾರನ್ನೂ ಕೇಳದೆ ನನ್ನ ಟ್ರಂಕಿಗೆ ಸೀರೆಗಳನ್ನು ಮಡಿಸಿ ಇಡತೊಡಗಿದಳು. ಹೊರಡಬೇಕಾದ ಬೆಳಗ್ಗೆ ನಾನು ಟ್ರಂಕನ್ನು ಜಗಲಿಗೆ ಎಳೆದು ತಂದೆ, ಯಾರು ತಡೆಯುತ್ತಾರೋ ನೋಡಿಯೇ ಬಿಡೋಣ ಎಂದು. ಅಂಗಳದಲ್ಲಿ ಜೀಪು ಸದ್ದು ಮಾಡುತ್ತ ನಿಂತಿತ್ತು. ಸ್ಟೇರಿಂಗಿನ ಮುಂದೆ ದೊಡ್ಡಪ್ಪ.

ಮಡಿಕೇರಿಯ ಬಸ್ ಸ್ಟ್ಯಾಂಡಿನವರೆಗೂ ಅವರು ರಸ್ತೆಯನ್ನೇ ಬೈಯುತ್ತ ಬಂದರು. ಕೊಡಗು ರಾಜ್ಯವಿದ್ದಾಗ ಇಷ್ಟು ಗುಂಡಿ ಇರಲಿಲ್ಲವಂತೆ. ನಾನು ಬಸ್ಸಿನಲ್ಲಿ ಕೂತ ಮೇಲೆ ಕಿಟಕಿಯ ಬಳಿ ಬಂದು, ಅಂಗಿಯೊಳಗಿನಿಂದ ಒಂದು ಬಾಟಲಿ ತೆಗೆದರು. ಒಳಗೆ ತಿಳಿನೀಲಿ ನೀರು. ಆಚೆ ನಿಂತ ಕಂಡಕ್ಟರನ ಖಾಕಿ ಅಂಗಿಯ ಗುಂಡಿಗಳು ಕೂಡ ಅದರ ಮೂಲಕ ಸ್ಪಷ್ಟವಾಗಿ ಕಾಣುತ್ತಿದ್ದವು. ಬೆಂಗಳೂರಿನಂಥ ಬೆಂಗಳೂರಿನಲ್ಲಿ ಮೈಲುತುತ್ತ ಸಿಗುವುದಿಲ್ಲವೇ ದೊಡ್ಡಪ್ಪ ಎಂದು ಕೆಣಕಬೇಕೆಂದಿದ್ದೆ.

ಅವರು ನನ್ನನ್ನು ನೋಡದೆ ಬಾಟಲಿಯ ಮುಚ್ಚಳ ತೆಗೆದರು. ಜೇಬಿನಿಂದ ಚೂರಿ ತೆಗೆದು, ಬಿಚ್ಚಿ, ಅಲಗನ್ನು ಆ ನೀರಿಗೆ ಇಳಿಸಿ ಹಿಡಿದರು. ಡ್ರೈವರ್ ಹಾರ್ನ್ ಹೊಡೆದ. ಅವರು ಅಲುಗಾಡಲಿಲ್ಲ. ಆಮೇಲೆ ಎತ್ತಿ ಕಿಟಕಿಯ ಒಳಗೆ ನನ್ನ ಕಣ್ಣೆದುರು ಹಿಡಿದರು. ಜನ್ಮದಲ್ಲಿ ಕೆಂಪಾಗದ ಚೂರಿ ಅರ್ಧದವರೆಗೆ ತಾಮ್ರದ ಕೆಂಪಾಗಿತ್ತು.

"ಇದ್ರಲಿ ಸುಣ್ಣ ಇಲ್ಲೆ" ಎಂದರು.

ಬಾಟಲಿ ನನ್ನ ಕೈಗೆ ಬಂತು. ಬಸ್ಸು ಹೊರಟಿತು. ದೊಡ್ಡಪ್ಪ ಸ್ಟ್ಯಾಂಡಿನಲ್ಲಿದ್ದ ಅಷ್ಟೂ ತೋಟದವರ ಎದುರು, ಆ ಕೆಂಪು ಚೂರಿಯನ್ನು ಒರೆಸದೆ, ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.